ಬಿಚ್ಚಣ್ಣ ಗೇರ್ ಆಯಿಲ್ ಬದಲಾಯಿಸಿದ್ದು

ಬಿಚ್ಚಣ್ಣ ಸೋಮವಾರ ಬೆಳಿಗ್ಗೆ ಡಯಾಲಿಸಿಸ್ ಆಸ್ಪತ್ರೆಯ ಅಂಗಳದಲ್ಲಿ, ಕಾರುಗಳನ್ನು ನಿಲ್ಲಿಸುವ ಕಡೆ, ತೀರಿಕೊಂಡ. ಹೃದಯ ನಿಂತಿತ್ತು. ಕಾರು ಮೈಮೇಲೆ ಬಿದ್ದು ಸತ್ತನೆಂದು ಬೀದಿಯಲ್ಲಿ ಮಾತಾಡಿಕೊಳ್ಳುತ್ತಿದ್ದಾರೆ, ಅದು ಸುಳ್ಳು. ಕಾರು ನಾಲ್ಕೂ ಚಕ್ರದ ಮೇಲೆ ನೆಟ್ಟಗೆ ನಿಂತಿತ್ತು, ಅವನು ಅದರ ಹೊರಗಿದ್ದ. ಬ್ಯಾಟರಿಯ ಕರೆಂಟು ಹೊಡೆಯಿತೆಂಬುದೂ ಸುಳ್ಳು. ಹಿಂದಿನ ದಿನದ ದುಡಿತಕ್ಕೂ ಇದಕ್ಕೂ ಸಂಬಂಧ ಹಚ್ಚಬೇಡಿ, ಮನೆಯಲ್ಲಿ ಕೂತು ಪೇಪರು ಓದುತ್ತಿದ್ದರೂ ಹೀಗೇ ಆಗುತ್ತಿತ್ತು ಎಂದು ಡಾಕ್ಟರು ಬಿಡಿಸಿ ಹೇಳಿದ್ದಾರೆ. ಅವನು ಭಾನುವಾರವಿಡೀ ಆ ಕಾರಿನ ಕೆಳಗೆ ಮಲಗಿದ್ದನೆಂಬುದು ಮಾತ್ರ ನಿಜ. ಆ ಒಂದು ದಿನ ಹೆಂಡತಿ ಅವನಿಗೆ ಬೈದಷ್ಟು ಮದುವೆಯಾದಾಗಿನಿಂದ ಬೈದಿರಲಿಲ್ಲವೆಂಬುದೂ ನಿಜ. ಅದನ್ನು ಅವಳೇ ಬಂದವರಿಗೆಲ್ಲ ಹೇಳುತ್ತಿದ್ದಾಳೆ.

ಬಿಚ್ಚಣ್ಣ ಎಂಬುದು ತಂದೆ ತಾಯಿ ಇಟ್ಟ ಹೆಸರಲ್ಲ. ಕಣ್ಣಿಗೆ ಬಿದ್ದದ್ದನ್ನೆಲ್ಲ ಬಿಚ್ಚಿ ನೋಡುವವನಿಗೆ ಲಿಫ್ಟ್ ಕಂಪನಿಯ ಜೊತೆಗಾರರು ಇಟ್ಟದ್ದು. ದುಡಿಯುವ ವಯಸ್ಸಿನುದ್ದಕ್ಕೂ ಅವನು ಎತ್ತರದ ಕಟ್ಟಡಗಳ ನೆತ್ತಿಯ ಮೇಲಿನ ಯಂತ್ರದ ಕೋಣೆಗಳಲ್ಲಿ, ಇಲ್ಲವೇ ತಳದ ಗುಂಡಿಗಳಲ್ಲಿ ಇರುತ್ತಿದ್ದ. ನಡುವಿನ ಮಹಡಿಗಳಲ್ಲಿ ಏನಿದೆಯೆಂದು ಅವನಿಗೆ ಗೊತ್ತಿರಲಿಲ್ಲ, ಗೊತ್ತುಮಾಡಿಕೊಳ್ಳುವ ಮನಸ್ಸೂ ಇರಲಿಲ್ಲ. ಆ ಕೆಲಸ ಅವನಿಗೆ ಕಲಿಸಿದ ಪಾಠ ಒಂದೇ: ಯಂತ್ರವನ್ನು ಅದು ಓಡುತ್ತಿರುವಾಗಲೇ ನೋಡಿಕೊಳ್ಳಬೇಕು.

"ನಿಂತ ಮೇಲೆ ನೋಡೋದು ರಿಪೇರಿ. ಅಷ್ಟು ಹೊತ್ತಿಗೆ ಒಳಗೆ ಯಾರೋ ಸಿಕ್ಕಿಹಾಕ್ಕೊಂಡು ಕಿರುಚ್ತಾ ಇರ್ತಾರೆ," ಎನ್ನುತ್ತಿದ್ದ.

ನಿವೃತ್ತನಾದ ಮೇಲೆ ಈ ಪಾಠವನ್ನೆಲ್ಲ ಮನೆಯ ಮೇಲೆ ಪ್ರಯೋಗಿಸತೊಡಗಿದ. ಸರಿಯಾಗಿಯೇ ಇದ್ದ ಗೋಡೆ ಗಡಿಯಾರ ಬಿಚ್ಚಿದ. ಅದು ಗಂಟೆ ಹೊಡೆಯುವುದನ್ನು ಬಿಟ್ಟಿತು. ಸರಿಯಾಗಿಯೇ ಇದ್ದ ಕರೆಗಂಟೆ ಬಿಚ್ಚಿದ. ಅದು ಯಾರೂ ಒತ್ತದೆಯೂ ಹೊಡೆಯತೊಡಗಿತು. ಮಿಕ್ಸಿ ಬಿಚ್ಚಿ ಜೋಡಿಸಿದಾಗ ಕೈಯಲ್ಲಿ ಒಂದು ಸ್ಕ್ರೂ ಉಳಿಯಿತು.

"ನೋಡು, ಇದು ಇಲ್ದೇನೂ ಓಡ್ತಾ ಇದೆ. ಕಂಪನಿಯವ್ರು ಸುಮ್ನೆ ಹಾಕಿರ್ತಾರೆ," ಎಂದು ಅದನ್ನು ಹೆಂಡತಿಯ ಅಂಗೈಯಲ್ಲಿಟ್ಟ.

ಹೆಂಡತಿ ಶಾಲೆಯ ವ್ಯಾನು ಓಡಿಸಿ ನಿವೃತ್ತಳಾದವಳು. ಒಂದು ವ್ಯಾನು ತುಂಬ ಮಕ್ಕಳ ಕೂಗಾಟವನ್ನು ಬೆನ್ನ ಹಿಂದೆ ಇಟ್ಟುಕೊಂಡು ಸಮಾಧಾನವಾಗಿ ತಿರುವು ತೆಗೆದುಕೊಳ್ಳುತ್ತಿದ್ದವಳಿಗೆ ಈ ಒಬ್ಬ ಗಂಡನನ್ನು ಸಹಿಸುವುದು ಕಷ್ಟವಾಗುತ್ತಿತ್ತು. ಕಾರು ಓಡಿಸುವವಳೂ ಅವಳೇ. ಅವನಿಗೆ ಓಡಿಸಲು ಬರುತ್ತಿತ್ತು, ಆದರೆ ರಸ್ತೆ ನೋಡುವುದನ್ನು ಬಿಟ್ಟು ಇಂಜಿನ್ನಿನ ಸದ್ದು ಕೇಳುತ್ತ ಕೂರುತ್ತಿದ್ದ. ಒಮ್ಮೆ ಹಾಗೆ ಕೇಳುತ್ತಲೇ ಪೊಲೀಸಿನವನೊಬ್ಬನ ಕಾಲ ಬೆರಳಿನ ತನಕ ಹೋಗಿ ನಿಂತ ಮೇಲೆ ಅವಳು ಸ್ಟೇರಿಂಗು ಬಿಟ್ಟುಕೊಟ್ಟಿರಲಿಲ್ಲ.

ಮನೆಯಲ್ಲಿ ಮೂರನೆಯವಳು ಅವಳ ಅಕ್ಕ. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದವಳು. ಕಿವಿ ಮಂದವಾಗಿತ್ತು, ನಾಲಿಗೆ ಆಗಿರಲಿಲ್ಲ. ಎರಡೂ ಮೂತ್ರಪಿಂಡ ಕೈಕೊಟ್ಟ ಮೇಲೆ ತಂಗಿಯ ಮನೆಗೇ ಬಂದಿದ್ದಳು. ಸೋಮ, ಬುಧ, ಶುಕ್ರ ಡಯಾಲಿಸಿಸ್. ಮೈ ಭಾರ, ಮಂಡಿ ಮಡಿಸಲು ಬಾರದು. ಅವಳನ್ನು ಕಾರಿನೊಳಗೆ ಕೂರಿಸುವುದೇ ದೊಡ್ಡ ಸರ್ಕಸ್ಸಾಗಿತ್ತು. ಅದಕ್ಕೇ ಬಿಚ್ಚಣ್ಣ ಕಾರಿನ ಮುಂದಿನ ಸೀಟನ್ನು ಕಿತ್ತು, ಬಾಗಿಲ ಕಡೆಗೆ ತಿರುಗುವ ಹಾಗೆ ಮಾಡಿದ್ದ. ಕೀಳುವಾಗ ಹೆಂಡತಿ ಕೂಗಾಡಿದ್ದಳು. ಆದರೆ ಅಕ್ಕ ಹೊರಗೆ ನಿಂತು ಬೆನ್ನು ಹಚ್ಚಿ ಕೂತು, ಸುಮ್ಮನೆ ಒಳಕ್ಕೆ ತಿರುಗಿ, "ಮಹಾರಾಣಿ ಆದ ಹಾಗಾಯ್ತು ನೋಡು," ಎಂದಾಗ ಬಾಯಿ ಮುಚ್ಚಿಕೊಳ್ಳಬೇಕಾಯಿತು. ಅವನ ಬಿಚ್ಚಾಟದಲ್ಲಿ ನೆಟ್ಟಗೆ ಆದದ್ದು ಅದೊಂದೇ. ಆ ಒಂದನ್ನೇ ಮುಂದಿಟ್ಟುಕೊಂಡು ಅವನು ಉಳಿದದ್ದಕ್ಕೆಲ್ಲ ಕೈ ಹಾಕುತ್ತಿದ್ದ.

ಬೇರೆ ವಾಹನ ಅಕ್ಕನಿಗೆ ಆಗುತ್ತಿರಲಿಲ್ಲ. ಒಮ್ಮೆ ಟ್ಯಾಕ್ಸಿ ಹತ್ತುವಾಗ ಅರ್ಧ ಒಳಗೆ ಅರ್ಧ ಹೊರಗೆ ಸಿಕ್ಕಿಕೊಂಡು ಜಾರಿ ಬಿದ್ದಳು. ದಾರಿಹೋಕರೆಲ್ಲ ಸೇರಿ ಎತ್ತಬೇಕಾಯಿತು. ಆಮೇಲೊಂದು ದಿನ ಕಾರಿನ ಬ್ಯಾಟರಿ ಸತ್ತು ಬೇರೆ ದಾರಿಯಿಲ್ಲದಾಗ ಅವಳು ಹಾಸಿಗೆ ಬಿಟ್ಟು ಏಳಲೇ ಇಲ್ಲ.

"ಟ್ಯಾಕ್ಸಿಗೆ ನಾನು ಬರಲ್ಲ. ಇನ್ನೊಂದು ಸಲ ಮೂಟೆ ಥರ ಎತ್ತಿಸ್ಕೊಳ್ಳೋಕೆ ನಂಗಾಗಲ್ಲ."

"ಆಂಬುಲೆನ್ಸ್ ಕರೀತೀನಿ ಅಕ್ಕಾ."

"ಅದು ಸತ್ಮೇಲೆ ಹತ್ತೋದು. ಆವಾಗ ಕರಿ, ಬೇಡ ಅನ್ನಲ್ಲ."

ಒಂದು ಸರದಿ ತಪ್ಪಿತು. ಮರುದಿನ ಸಂಜೆಯೊಳಗೆ ಅವಳ ಎದೆಯಲ್ಲಿ ನೀರು ತುಂಬಿ, ಮಾತಿಗೊಮ್ಮೆ ಏದುಸಿರು ಬಂದು, ಕಡೆಗೂ ಆಂಬುಲೆನ್ಸಿನಲ್ಲೇ ಒಯ್ದು ತೀವ್ರ ನಿಗಾ ಘಟಕದಲ್ಲಿ ಮಲಗಿಸಬೇಕಾಯಿತು. ಡಾಕ್ಟರು ಹೆಂಡತಿಯನ್ನು ಪಕ್ಕಕ್ಕೆ ಕರೆದು, ಇನ್ನೊಮ್ಮೆ ಹೀಗಾದರೆ ತಾವು ಏನೂ ಹೇಳಲಾರೆವೆಂದರು. ಅಂದಿನಿಂದ ಅವಳಿಗೆ ಕಾರೆಂದರೆ ಅಕ್ಕನ ಜೀವ. ಭಾನುವಾರ, ಮಂಗಳವಾರ, ಗುರುವಾರ ಮಲಗುವ ಮುನ್ನ ಹೋಗಿ ಅದನ್ನೊಮ್ಮೆ ಚಾಲೂ ಮಾಡಿ ನೋಡಿ ಬರುತ್ತಿದ್ದಳು.

ಅಂಥ ಕಾರಿಗೆ ಗೇರ್‌ಬಾಕ್ಸ್ ಆಯಿಲ್ ಬದಲಾಯಿಸುತ್ತೇನೆಂದು ಬಿಚ್ಚಣ್ಣ ಶನಿವಾರ ಸಂಜೆ ಹೊರಟ. ಅದು ಪೆಟ್ರೋಲಿನಲ್ಲೂ ಕರೆಂಟಿನಲ್ಲೂ ಓಡುವ ಹೈಬ್ರಿಡ್ ಕಾರು; ಅದರ ಗೇರ್‌ಬಾಕ್ಸಿನೊಳಗೆ ಎರಡು ಮೋಟರುಗಳು ಎಣ್ಣೆಯಲ್ಲೇ ಮುಳುಗಿ ತಿರುಗುತ್ತವೆಂದು ಅವನಿಗೆ ಗೊತ್ತಾದಂದಿನಿಂದ ನಿದ್ದೆ ಬಂದಿರಲಿಲ್ಲ.

"ಶೋರೂಮಿನವ್ರು ಅದನ್ನ ಬದಲಾಯಿಸೋದೇ ಬೇಡ ಅಂದಿದಾರಲ್ರೀ. ಲೈಫ್‌ಟೈಮ್ ಆಯಿಲ್ ಅಂತೆ," ಎಂದಳು ಹೆಂಡತಿ.

"ಯಾರ ಲೈಫ್‌ಟೈಮು ಅಂತ ಕೇಳ್ದೆ. ಕಾರಿಂದಾ, ನಿಂದಾ ಅಂತ. ಆ ಹುಡುಗನ ಮುಖ ನೋಡ್ಬೇಕಿತ್ತು."

"ಕಾರು ಚೆನ್ನಾಗೇ ಓಡ್ತಿದೆ."

"ಓಡ್ತಿರೋವಾಗ್ಲೇ..."

"ಸಾಕು, ಗೊತ್ತು. ಮಾಡೋದಾದ್ರೆ ಶುಕ್ರವಾರ ಅಕ್ಕನ್ನ ವಾಪಸ್ ಕರ್ಕೊಂಡು ಬಂದ್ಮೇಲೆ ಮಾಡಿ. ಏನಾದ್ರೂ ಎಡವಟ್ಟಾದ್ರೆ ಸರಿಮಾಡೋಕೆ ಎರಡು ದಿನ ಸಿಗುತ್ತೆ."

"ಬೈಂಡರಿಗೆ ರಜಾ ಇರೋದು ಭಾನುವಾರ. ಎಡವಟ್ಟು ಯಾಕಾಗುತ್ತೆ? ಎರಡು ಬೋಲ್ಟು. ಕೆಳಗಿಂದು ಬಿಚ್ಚಿದ್ರೆ ಹೊರಗೆ, ಮೇಲಿಂದು ಬಿಚ್ಚಿದ್ರೆ ಒಳಗೆ. ಮಧ್ಯಾಹ್ನ ಊಟಕ್ಕೆ ಕೈ ತೊಳ್ಕೊಂಡು ಬರ್ತೀನಿ."

ಬೈಂಡರನೆಂದರೆ ಎದುರುಮನೆಯ ಗೆಳೆಯ, ಪುಸ್ತಕಗಳಿಗೆ ರಟ್ಟು ಹಾಕುವ ಅಂಗಡಿಯವನು. ಬಿಚ್ಚಣ್ಣನ ಎಲ್ಲ ಸಾಹಸಗಳಲ್ಲೂ ಟಾರ್ಚು ಹಿಡಿಯುವ ಕೆಲಸ ಅವನದು. ಅದಕ್ಕಿಂತ ಹೆಚ್ಚಿನದನ್ನು ಅವನಿಗೆ ಯಾರೂ ವಹಿಸುತ್ತಿರಲಿಲ್ಲ.

ಭಾನುವಾರ ತಿಂಡಿ ಮುಗಿಯುವುದರೊಳಗೆ ಕಾರು ನಾಲ್ಕು ಸ್ಟ್ಯಾಂಡುಗಳ ಮೇಲೆ ಏರಿ ನಿಂತಿತ್ತು. ಅಷ್ಟರ ಮಟ್ಟಿಗೆ ಅವನು ಅಚ್ಚುಕಟ್ಟು. ಮಟ್ಟಗೋಲು ಇಟ್ಟು ನೋಡಿ, ಕಾರು ಯಾವ ಕಡೆಗೂ ವಾಲಿಲ್ಲವೆಂದು ಖಾತ್ರಿ ಮಾಡಿಕೊಂಡ. ಕೀಲಿಯನ್ನು ತಂದು ಹೆಂಡತಿಯ ಕೈಗೆ ಕೊಟ್ಟ.

"ಇದನ್ನ ಅಡುಗೆಮನೇಲಿ, ಮುಚ್ಚಳ ಇರೋ ಡಬ್ಬೀಲಿ ಹಾಕಿಡು. ನಾನು ಕೇಳೋ ತನಕ ಕೊಡ್ಬೇಡ. ಈ ಕಾರು ನಿಂತಲ್ಲೇ ಸದ್ದಿಲ್ಲದೆ ಚಾಲೂ ಇರುತ್ತೆ, ಮನಸ್ಸು ಬಂದಾಗ ತಾನೇ ಇಂಜಿನ್ ಹಾಕ್ಕೊಳ್ಳುತ್ತೆ."

"ನಿಮ್ಮ ಥರಾನೇ," ಎಂದು ಅವಳು ಡಬ್ಬಿಯ ಮುಚ್ಚಳ ಒತ್ತಿದಳು.

ಸ್ವಲ್ಪ ಹೊತ್ತಿಗೆ ಅವನು ಅಡುಗೆಮನೆಯ ಬಾಗಿಲಿಗೆ ಬಂದ. ಹಳೆಯ ಪಾತ್ರೆಯೊಂದರಲ್ಲಿ ಮಸಿಯಂಥ ಎಣ್ಣೆ. ಪಾತ್ರೆ ಅವಳದೇ, ಕೇಳದೆ ಒಯ್ದದ್ದು.

"ನೋಡೇ! ಬಾಟ್ಲಿಯಿಂದ ಸುರಿದಾಗ ಇದು ಕೆಂಪಗಿರುತ್ತೆ. ಲೈಫ್‌ಟೈಮ್ ಅಂತೆ, ಲೈಫ್‌ಟೈಮು!"

ಅವನ ಮುಖ ಅರಳಿತ್ತು. ತಾನು ಹೇಳಿದ್ದೇ ಸರಿಯೆಂದು ಸಾಬೀತಾದಾಗ ಅವನು ಹತ್ತು ವರ್ಷ ಚಿಕ್ಕವನಾಗುತ್ತಿದ್ದ. ಅವಳು ಪಾತ್ರೆಯ ಬಗ್ಗೆ ಹೇಳಬೇಕಾದ್ದನ್ನು ಹೇಳಿ ಒಲೆಯ ಕಡೆ ತಿರುಗಿದಳು.

ಆಮೇಲೆ ಅಂಗಳದಲ್ಲಿ ಸದ್ದು ನಿಂತಿತು. ಬಿಚ್ಚಣ್ಣ ಕೆಲಸ ಮಾಡುವಾಗ ಸುತ್ತಿಗೆಯ ಸದ್ದು, ಗೊಣಗಾಟ, ಬೈಂಡರನಿಗೆ "ಇಲ್ಲಿ ಹಿಡಿಯೋ, ನಿನ್ನ ಮುಖಕ್ಕಲ್ಲ" ಎಂಬ ಬೈಗುಳ ಇದ್ದೇ ಇರುತ್ತಿತ್ತು. ಅದೆಲ್ಲ ನಿಂತದ್ದು ಒಳ್ಳೆಯದಲ್ಲವೆಂದು ಅವಳಿಗೆ ಗೊತ್ತಿತ್ತು. ಹೊರಗೆ ಬಂದಳು. ಬೈಂಡರ್ ಟಾರ್ಚು ಹಿಡಿದುಕೊಂಡು ಬಗ್ಗಿದ್ದವನು ಅವಳನ್ನು ಕಂಡದ್ದೇ ಗೋಡೆಯ ಕಡೆ ನೋಡತೊಡಗಿದ.

"ಏನಾಯ್ತು?"

"ಏನಿಲ್ಲ," ಎಂದಿತು ಕಾರಿನ ಕೆಳಗಿನ ದನಿ. "ಮೇಲಿನ ಬೋಲ್ಟು ಸ್ವಲ್ಪ ಹಟ ಮಾಡ್ತಿದೆ."

"ಸ್ವಲ್ಪ ಅಂದ್ರೆ?"

ಅವಳು ಬೈಂಡರನನ್ನು ನೋಡಿದಳು. ಅವನಿಗೆ ಸುಳ್ಳು ಹೇಳಲು ಬಾರದು.

"ಅಲುಗ್ತಾ ಇಲ್ಲ ಅತ್ತಿಗೆ," ಎಂದ. "ಬೋಲ್ಟಿನ ಕುಳೀಲಿ ಅಲೆನ್ ಕೀ ಜಾರೋಕೆ ಶುರುವಾಗಿದೆ. ಇನ್ನೆರಡು ಸಲ ಜಾರಿದ್ರೆ ಬೋಲ್ಟಿನ ಮೂಲೆ ಸವೆದು ಕೀ ಹಿಡಿಯೋದೇ ಇಲ್ವಂತೆ."

ಆಗಿದ್ದದ್ದು ಇಷ್ಟು. ಹಳೆಯ ಎಣ್ಣೆ ಕೆಳಗಿನ ಬೋಲ್ಟಿನಿಂದ ಇಳಿದು ಹೋಗಿತ್ತು. ಹೊಸ ಎಣ್ಣೆಯನ್ನು ತುಂಬಬೇಕಾದದ್ದು ಪಕ್ಕದಲ್ಲಿ ಸ್ವಲ್ಪ ಮೇಲಿರುವ ಬೋಲ್ಟಿನಿಂದ. ಕಾರು ತಯಾರಾದಂದಿನಿಂದ ಆ ಬೋಲ್ಟನ್ನು ಯಾರೂ ಮುಟ್ಟಿರಲಿಲ್ಲ. ಮೊದಲು ಅದನ್ನು ಸಡಿಲಿಸಿ ನೋಡಿಕೊಂಡು, ಆಮೇಲಷ್ಟೇ ಕೆಳಗಿನದಕ್ಕೆ ಕೈ ಹಾಕಬೇಕು. ಮೇಲಿನದು ಬಾರದಿದ್ದರೆ ಕೆಳಗಿನದನ್ನು ಮುಟ್ಟದೆ ಸುಮ್ಮನೆ ಕಾರು ಇಳಿಸಬಹುದು. ಬಿಚ್ಚಣ್ಣನಿಗೆ ಇದು ಗೊತ್ತಿರಲಿಲ್ಲವೆಂದಲ್ಲ. ಹಿಂದಿನ ದಿನ ಬೈಂಡರನಿಗೆ ತಾನೇ ಹೇಳಿಕೊಟ್ಟಿದ್ದ. ಆದರೆ ಅವನು ಲಿಫ್ಟಿನವನು. ಲಿಫ್ಟಿನ ಗೇರ್‌ಬಾಕ್ಸಿಗೆ ನೆತ್ತಿಯ ಮೇಲೆ ಬರಿಗೈಯಲ್ಲಿ ತಿರುಗುವ ಮುಚ್ಚಳ. ಇಳಿಸು, ಒರೆಸು, ಮುಚ್ಚಳ ತೆಗೆದು ಸುರಿ: ದುಡಿದ ವರ್ಷಗಳೆಲ್ಲ ಅವನ ಕೈ ಮಾಡಿದ್ದು ಅದನ್ನೇ. ಭಾನುವಾರವೂ ತಲೆ ನೆನಪಿಸುವ ಮುಂಚೆ ಕೈ ತನ್ನ ಕೆಲಸ ಮುಗಿಸಿಬಿಟ್ಟಿತ್ತು.

"ಅಂದ್ರೆ ಈಗ ಕಾರೊಳಗೆ ಎಣ್ಣೆ ಇಲ್ಲ, ಹಾಕೋಕೂ ಆಗಲ್ಲ," ಎಂದಳು ಹೆಂಡತಿ. ದನಿ ಏರಿರಲಿಲ್ಲ. ಬೈಂಡರ್ ಒಂದು ಹೆಜ್ಜೆ ಹಿಂದಕ್ಕೆ ಸರಿದ.

"ಆಗುತ್ತೆ. ಸ್ವಲ್ಪ ಹೊತ್ತು..."

"ಎಣ್ಣೆ ಇಲ್ದೆ ಓಡಿಸಬಹುದಾ?"

"ಛೆ! ಗೇರ್‌ಬಾಕ್ಸ್ ಸುಟ್ಟು ಹೋಗುತ್ತೆ."

"ಶೋರೂಮು?"

"ಭಾನುವಾರ ಬಾಗಿಲು ಹಾಕಿರ್ತಾರೆ."

ಆಮೇಲೆ ಅವಳ ಸಿಟ್ಟು ನೆತ್ತಿಗೇರಿತು. ಗಡಿಯಾರದಿಂದ ಶುರುವಾಗಿ ಕರೆಗಂಟೆಗೆ ಬಂದು, ಮಿಕ್ಸಿಯ ಸ್ಕ್ರೂ ದಾಟಿ, ಮದುವೆಯಾದ ಹೊಸದರಲ್ಲಿ ಅತ್ತೆಮನೆಯ ಹೊಲಿಗೆ ಯಂತ್ರ ಬಿಚ್ಚಿದ್ದರ ತನಕ ಹೋದಳು. ಅವನು ಕಾರಿನ ಕೆಳಗಿಂದ ಹೊರಗೆ ಬರಲಿಲ್ಲ. ಎರಡು ಪಾದ ಮಾತ್ರ ಹೊರಗಿದ್ದವು. ಅವಳು ಬೈದದ್ದು ಆ ಪಾದಗಳಿಗೆ.

"ನಿಂತ ಮೇಲೆ ನೋಡಿದ್ರೆ ಒಳಗೆ ಯಾರೋ ಸಿಕ್ಕಿಹಾಕ್ಕೊಂಡಿರ್ತಾರೆ ಅಂತಿರಲ್ಲ, ಈಗ ಸಿಕ್ಕಿಹಾಕ್ಕೊಂಡಿರೋದು ನಮ್ಮಕ್ಕ! ನಾಳೆ ಬೆಳಿಗ್ಗೆ ಅವಳನ್ನ ಏನ್ಮಾಡ್ಲಿ? ನಿಮ್ಮ ತಲೆ ಮೇಲೆ ಹೊತ್ಕೊಂಡು ಹೋಗ್ತೀರಾ?"

ಪಾದಗಳು ಸ್ವಲ್ಪ ಒಳಕ್ಕೆ ಸರಿದವು.

ಗಲಾಟೆಗೆ ಅಕ್ಕನ ಕೋಣೆಯ ಕಿಟಕಿ ತೆರೆಯಿತು. "ಏನಂತೆ ಅದು? ಸತ್ತನಾ?"

"ಇಲ್ಲ ಅಕ್ಕಾ, ಬೋಲ್ಟು ಬರ್ತಾ ಇಲ್ಲ."

"ಅಷ್ಟೇನಾ? ಹಿಡ್ಕೊಂಡಿದೆಯಾ? ನನ್ನ ಮಂಡೀನೂ ಹಿಡ್ಕೊಳ್ಳುತ್ತೆ, ಬಿಸಿನೀರಿನ ಚೀಲ ಇಡ್ತೀನಿ, ಬಿಡುತ್ತೆ. ತಗೊಳ್ಳಿ!" ಕೆಂಪು ರಬ್ಬರ್ ಚೀಲ ಕಿಟಕಿಯಿಂದ ಹಾರಿ ಬಂದು ಬೈಂಡರನ ಎದೆಗೆ ಬಡಿಯಿತು.

ಬೈಂಡರ್ ನಕ್ಕ. ಕಾರಿನ ಕೆಳಗಿನಿಂದ ನಗು ಬರಲಿಲ್ಲ. ಪಾದಗಳು ಅಲುಗಿದವು, ಆಮೇಲೆ ಇಡೀ ಬಿಚ್ಚಣ್ಣ ಹೊರಗೆ ಬಂದ. ಮುಖದ ಮೇಲೆಲ್ಲ ಕಪ್ಪು.

"ನಿಮ್ಮಕ್ಕ ಹೇಳಿದ್ದು ಸರಿ," ಎಂದ. "ಬೋಲ್ಟು ಉಕ್ಕಿಂದು, ಸುತ್ತ ಇರೋದು ಅಲ್ಯುಮಿನಿಯಂ. ಬಿಸಿ ಮಾಡಿದ್ರೆ ಅಲ್ಯುಮಿನಿಯಂ ಜಾಸ್ತಿ ಹಿಗ್ಗುತ್ತೆ, ಹಿಡಿತ ಬಿಡುತ್ತೆ. ಆದ್ರೆ ಚೀಲ ಸಾಲಲ್ಲ. ಕುದಿನೀರು ಬೇಕು. ಹತ್ತಿರದಲ್ಲೇ ಕರೆಂಟಿನ ವೈರುಗಳಿವೆ, ಸುರಿಯೋ ಹಾಗಿಲ್ಲ. ಬಟ್ಟೆ ಅದ್ದಿ, ಹಿಂಡಿ ಹಚ್ಬೇಕು."

ಹೀಗೆ ಮಧ್ಯಾಹ್ನದ ಊಟದ ಹೊತ್ತಿಗೆ ಒಲೆಯ ಮೇಲೆ ಅನ್ನದ ಬದಲು ನೀರು ಕುದಿಯುತ್ತಿತ್ತು. ಅವಳು ಪಾತ್ರೆ ಪಾತ್ರೆ ಹೊತ್ತು ತಂದಳು. ತರುವಾಗ ಒಂದು ಬೈಗುಳ, ಖಾಲಿ ಪಾತ್ರೆ ಒಯ್ಯುವಾಗ ಇನ್ನೊಂದು. ಬೈಂಡರ್ ಅಕ್ಕನ ಹಳೆಯ ಟವೆಲನ್ನು ಇಕ್ಕಳದಲ್ಲಿ ಹಿಡಿದು ಅದ್ದಿ ಹಿಂಡಿ ಕೊಟ್ಟ. ಬಿಚ್ಚಣ್ಣ ಅದನ್ನು ಬೋಲ್ಟಿನ ಸುತ್ತ ಒತ್ತಿ ಹಿಡಿದ, ಕೈ ಸುಟ್ಟಾಗಲೆಲ್ಲ ಹಾ ಹಾ ಎಂದ. ಕೀಯನ್ನು ಬೋಲ್ಟಿನ ಕುಳಿಗೆ ಸುತ್ತಿಗೆಯಿಂದ ಬಡಿದು ಕೂರಿಸಿದ. ಕೆಳಗೆ ಕೈ ಬೀಸಲು ಜಾಗವಿಲ್ಲದ್ದರಿಂದ ಕೀಯ ಹಿಡಿಗೆ ಉದ್ದನೆಯ ಕಬ್ಬಿಣದ ಪೈಪು ಸಿಕ್ಕಿಸಿ, ಅದರ ತುದಿಯನ್ನು ಚಕ್ರದ ಪಕ್ಕದಿಂದ ಹೊರಗೆ ಬಿಟ್ಟ.

"ಬೈಂಡರ್ ಎಳೀಲಿ," ಎಂದಳು ಅವಳು.

"ಅವನು ಕಾಗದ ಎಳೆಯೋನು. ನೀನು ಎಳಿ. ನಾನು ಇಲ್ಲಿ ಕೀ ಜಾರದ ಹಾಗೆ ಒತ್ತಿ ಹಿಡ್ಕೊಂಡಿರ್ತೀನಿ. ಜಗ್ಗಬಾರದು, ಕುಲುಕಬಾರದು. ವ್ಯಾನಿನ ಸ್ಟೇರಿಂಗ್ ತಿರುಗಿಸ್ತಿದ್ದೆಯಲ್ಲ, ಹಾಗೆ. ನಿಧಾನವಾಗಿ ಭಾರ ಬಿಡ್ತಾ ಹೋಗು."

ಅವಳು ನೆಲದ ಮೇಲೆ ಕೂತು, ಸ್ಟ್ಯಾಂಡಿಗೆ ತಾಗದಂತೆ ಕಾಲು ದೂರಕ್ಕೆ ಚಾಚಿ, ಪೈಪು ಹಿಡಿದಳು. ಭಾರ ಬಿಟ್ಟಳು. ಏನೂ ಆಗಲಿಲ್ಲ. ಇನ್ನಷ್ಟು ಬಿಟ್ಟಳು. ಪೈಪು ಬಿಲ್ಲಿನ ಹಾಗೆ ಬಗ್ಗಿತು. ಇದು ಮುರಿದರೆ ಏನು, ಜಾರಿದರೆ ಏನು, ಅಕ್ಕ ನಾಳೆ ಹಾಸಿಗೆಯಲ್ಲಿ ಗೋಡೆಯ ಕಡೆ ತಿರುಗಿ ಮಲಗಿದರೆ ಏನು ಎಂದುಕೊಳ್ಳುತ್ತ ಅವಳು ಹಿಡಿತ ಬಿಗಿ ಮಾಡಿದಳು. ಕೆಳಗೆ ಅವನ ಉಸಿರು ಕೇಳಿಸುತ್ತಿತ್ತು.

"ಬಿಡ್ಲಾ?"

"ಬಿಡ್ಬೇಡ. ಹಾಗೇ ಇರು."

ಟಪ್ಪೆಂದಿತು. ಅವಳು ಹಿಂದಕ್ಕೆ ಬಿದ್ದಳು. ಮುರಿಯಿತೆಂದೇ ತಿಳಿದು ಕಣ್ಣು ಮುಚ್ಚಿಕೊಂಡಳು.

"ಬಂತು," ಎಂದ ಬಿಚ್ಚಣ್ಣ. ದನಿ ಎಷ್ಟು ಸಣ್ಣಗಿತ್ತೆಂದರೆ ಬೈಂಡರ್ ಇನ್ನೊಮ್ಮೆ ಕೇಳಬೇಕಾಯಿತು. "ಬಂತು ಕಣೋ, ತಿರುಗ್ತಾ ಇದೆ."

ಅವಳು ಎದ್ದು ಸೀರೆ ಕೊಡವಿಕೊಂಡು ಒಳಗೆ ಹೋದಳು. ಅಕ್ಕನ ಕೋಣೆಗೆ ಹೋಗಿ ಮಂಚದ ತುದಿಯಲ್ಲಿ ಕೂತು ಅತ್ತಳು.

"ಅಳೋದ್ಯಾಕೆ, ಬಂತಲ್ಲ?" ಎಂದಳು ಅಕ್ಕ.

"ಬಂತು. ಅದಕ್ಕೇ ಅಳು. ಬರದೇ ಇದ್ದಿದ್ರೆ ಹೊಡೀತಿದ್ದೆ."

ಉಳಿದ ಕೆಲಸಕ್ಕೆ ಮತ್ತೆ ಅವಳೇ ಬೇಕಾಯಿತು. ಕೆಳಗಿನ ಬೋಲ್ಟಿಗೆ ಹೊಸ ವಾಷರ್ ಹಾಕಿ ಬಿಗಿ ಮಾಡಿದ ಮೇಲೆ, ಬಾನೆಟ್ಟು ತೆರೆದು ಮೇಲಿನಿಂದ ಆಲಿಕೆಯಲ್ಲಿ ಹೊಸ ಎಣ್ಣೆ ಸುರಿಯಬೇಕು. ಆಲಿಕೆಗೆ ಕಟ್ಟಿದ ಕೊಳವೆಯ ಇನ್ನೊಂದು ತುದಿಯನ್ನು ಅವನು ಕೆಳಗೆ ಆ ತೂತಿಗೆ ಹಿಡಿದಿರುತ್ತಾನೆ. ಬೈಂಡರ್ ಸುರಿಯಲು ಹೋಗಿ ಬ್ಯಾಟರಿಯ ಮೇಲೆಲ್ಲ ಚೆಲ್ಲಿದ. ಅವಳು ಬಾಟಲಿ ಕಿತ್ತುಕೊಂಡಳು. ದಾಸವಾಳದ ಬಣ್ಣದ ಎಣ್ಣೆ ಸಣ್ಣಗೆ ಇಳಿಯುತ್ತ ಹೋಯಿತು. ಅವಳಿಗೆ ಬೈಯುವುದಕ್ಕೂ ಏನೂ ಉಳಿದಿರಲಿಲ್ಲ.

"ನಿಲ್ಸು!" ಎಂದು ಕೂಗಿದ. ತೂತಿನ ಅಂಚಿನಿಂದ ಎಣ್ಣೆ ತುಳುಕಿತ್ತು. ಅಂದರೆ ತುಂಬಿತು. ತುಳುಕುವುದು ಹನಿಯಾಗಿ, ಹನಿಯೂ ನಿಲ್ಲುವ ತನಕ ಅವನು ಅಲ್ಲೇ ಅಂಗಾತ ಮಲಗಿ ನೋಡುತ್ತಿದ್ದು, ಆಮೇಲೆ ಮುಚ್ಚಿದ.

ಸಂಜೆ ಕೀಲಿ ಡಬ್ಬಿಯಿಂದ ಹೊರಬಂತು. ಅವಳು ಬೀದಿಯಲ್ಲಿ ಒಂದು ಸುತ್ತು ಓಡಿಸಿದಳು. ಅವನು ಹಿಂದಿನ ಸೀಟಿನಲ್ಲಿ ತಲೆಯನ್ನು ಮಂಡಿಯ ನಡುವೆ ಬಗ್ಗಿಸಿ ಕಿವಿಗೊಟ್ಟು ಕೂತಿದ್ದ. "ಕೇಳು, ಎಷ್ಟು ನುಣ್ಣಗಿದೆ!" ಎಂದ. ಅವಳಿಗೆ ಮೊದಲಿನದಕ್ಕೂ ಈಗಿನದಕ್ಕೂ ಏನೂ ವ್ಯತ್ಯಾಸ ತಿಳಿಯಲಿಲ್ಲ. ತಿಳಿದಿದ್ದರೂ ಹೇಳುತ್ತಿರಲಿಲ್ಲ.

ಸೋಮವಾರ ಬೆಳಿಗ್ಗೆ ಅವನು ಸ್ನಾನ ಮಾಡಿ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಕರೆಯದೆಯೇ ಕಾರಿನ ಹಿಂದಿನ ಸೀಟಿನಲ್ಲಿ ಕೂತಿದ್ದ. ಹೆಂಡತಿ ಇನ್ನೂ ಅವನೊಂದಿಗೆ ಮಾತು ಬಿಟ್ಟಿದ್ದಳು. ಅಕ್ಕ ದಾರಿಯುದ್ದಕ್ಕೂ ಇಬ್ಬರ ಪಾಲಿನದನ್ನೂ ತಾನೇ ಆಡಿದಳು.

"ಏನಪ್ಪಾ ಬಿಚ್ಚಣ್ಣ, ದಾರೀಲಿ ನಿಂತ್ರೆ ನೀನು ತಳ್ಳೋಕೆ ಬಂದಿದ್ದೀಯಾ?"

"ನಿಲ್ಲಲ್ಲ ಅತ್ತಿಗೆ."

"ನಿಲ್ಲದಿದ್ರೆ ಸರಿ. ಟವೆಲು ಹೊಸದು ತಂದ್ಕೊಡು."

ಕಾರು ನಿಲ್ಲಲಿಲ್ಲ. ಆಸ್ಪತ್ರೆಯ ಬಾಗಿಲಲ್ಲಿ ಅಕ್ಕ ಇಳಿದು ಗಾಲಿಕುರ್ಚಿಗೆ ದಾಟಿದಳು, ಹೆಂಡತಿ ಕಾರನ್ನು ಅಂಗಳದಲ್ಲಿ ನಿಲ್ಲಿಸಿ ಮೇಲೆ ಬಂದಳು, ಹೊತ್ತಿಗೆ ಸರಿಯಾಗಿ ಅಕ್ಕನ ಕೈಗೆ ಸೂಜಿ ಚುಚ್ಚಿದರು, ಪಕ್ಕದ ಯಂತ್ರ ತಿರುಗತೊಡಗಿತು. ಅಕ್ಕ ಎಂದಿನಂತೆ ನಿದ್ದೆಗೆ ಕಣ್ಣು ಮುಚ್ಚಿದಳು. ಹೆಂಡತಿ ನೀರು ಕುಡಿದು, ಮಹಡಿಯ ಕಿಟಕಿಗೆ ಬಂದು ಕೆಳಗೆ ನೋಡಿದಳು.

ಬಿಚ್ಚಣ್ಣ ಇಸ್ತ್ರಿ ಮಾಡಿದ ಅಂಗಿಯಲ್ಲೇ ನೆಲಕ್ಕೆ ಮಂಡಿಯೂರಿದ್ದ. ಅವಳಿಗೆ ಮತ್ತೆ ರೇಗಿತು. ಆ ಅಂಗಿಯ ಗತಿ ಏನು! ಅವನು ಕಾರಿನ ಕೆಳಗಿಂದ ಏನನ್ನೋ ಎಳೆಯುತ್ತಿದ್ದ. ದೊಡ್ಡ ಬಿಳಿಯ ಹಾಳೆ. ಬೆಳಿಗ್ಗೆ ಬೈಂಡರನ ಮನೆಯ ಬಾಗಿಲು ತಟ್ಟಿ ಇಸಿದುಕೊಂಡು ಬಂದದ್ದು. ಎಣ್ಣೆ ತೊಟ್ಟಿಕ್ಕುತ್ತಿದ್ದರೆ ಕಾಣಲೆಂದು ಕಾರು ನಿಂತೊಡನೆ ಗೇರ್‌ಬಾಕ್ಸಿನ ಕೆಳಗೆ ಹಾಸಿದ್ದ. ಹೊರಗೆಳೆದು, ಹತ್ತಿರ ಹಿಡಿದು ನೋಡಿದ, ಬಿಸಿಲಿಗೆ ಹಿಡಿದು ನೋಡಿದ. ತಲೆಯೆತ್ತಿದವನಿಗೆ ಕಿಟಕಿಯಲ್ಲಿ ಅವಳು ಕಂಡಳು. ಎರಡೂ ಕೈಯಲ್ಲಿ ಹಾಳೆಯನ್ನು ತಲೆಯ ಮೇಲೆ ಎತ್ತಿ, ಅವಳ ಕಡೆಗೆ ಹಿಡಿದ. ಒಂದು ಚುಕ್ಕೆಯೂ ಇರಲಿಲ್ಲ.

ಕಂಡಿತಾ ಎಂಬಂತೆ ಹಾಳೆಯನ್ನು ಅಲ್ಲಾಡಿಸಿದ. ಅವಳು ಅಷ್ಟು ದೂರಕ್ಕೂ ಕಾಣುವ ಹಾಗೆ ದೊಡ್ಡದಾಗಿ ತಲೆಯಾಡಿಸಿದಳು. ಸರಿ, ಗೊತ್ತಾಯ್ತು, ಸಾಕು, ಒಳಗೆ ಕೂತ್ಕೊಳ್ಳಿ ಎಂದು ಕೈ ಮಾಡಿ ತೋರಿಸಿದಳು.

ಅವನು ಹೂಂ ಎಂದು ತಲೆಯಾಡಿಸಿದ. ಹಾಳೆಯನ್ನು ಮಗುಚಿ, ಮತ್ತೆ ಮಂಡಿಯೂರಿ, ಅದನ್ನು ಕಾರಿನ ಕೆಳಗೆ ಇನ್ನೊಮ್ಮೆ ತಳ್ಳಿದ.